ತುಟಿ ಕಟ್ಟದ ಗಾಯ

ಮೂರನೆಯ ಬಿಲ್ಲೆಯಲ್ಲೂ ತುಟಿ ಇರಲಿಲ್ಲ.

ಮಸೂರವನ್ನು ಒರೆಸಿ ಮತ್ತೆ ಹಿಡಿದೆ. ದೀಪವನ್ನು ಎಡಕ್ಕೆ ತಿರುಗಿಸಿದೆ. ಬಿಲ್ಲೆಯನ್ನು ಕಿಟಕಿಯ ಬೆಳಕಿಗೂ ಒಯ್ದು ನೋಡಿದೆ. ಇಲ್ಲದ್ದು ಇಲ್ಲ.

ಕಾರಿಡಾರಿನಲ್ಲಿ ಯಾರದೋ ಚಪ್ಪಲಿಯ ಸದ್ದು ಬಂತು. ನನ್ನ ಬಾಗಿಲ ಬಳಿ ನಿಧಾನವಾಯಿತು, ಮುಂದೆ ಹೋಯಿತು. ನಾನು ಉಸಿರು ಬಿಟ್ಟೆ. ಈಚೆಗೆ ಈ ಕಚೇರಿಯಲ್ಲಿ ಯಾರ ಹೆಜ್ಜೆ ಯಾವುದು ಎಂದು ಕಣ್ಣು ಮುಚ್ಚಿಯೂ ಹೇಳಬಲ್ಲೆ. ಹಾಗೆ ಹೇಳಬಲ್ಲೆ ಎನ್ನುವುದೇ ನನಗೆ ಹೆದರಿಕೆ ತರುತ್ತದೆ.

ಕಡಿಯುವ ಮರಗಳಿಗೆ ಗುರುತು ಹಾಕುವ ಮೇಸ್ತ್ರಿ ಏಳನೇ ಬ್ಲಾಕಿನಲ್ಲಿ ಮರದ ಕೆಳಗೆ ಸಿಕ್ಕಿ ಸತ್ತು ಹನ್ನೊಂದು ದಿನ. ಆ ಬ್ಲಾಕಿನ ಗಾರ್ಡ್, ಅಂದರೆ ನನ್ನ ಅಕ್ಕನ ಗಂಡ, ಲಾಕಪ್ಪಿಗೆ ಹೋಗಿ ಒಂಬತ್ತು ದಿನ. ಈ ಹೊತ್ತು ಒಂದು ಗಂಟೆಗೆ ಇನ್‌ಸ್ಪೆಕ್ಟರ್ ಬಂದು ನನ್ನ ವರದಿ ಒಯ್ಯುವವರಿದ್ದರು. ಅದರಲ್ಲಿ ಏನೂ ಇಲ್ಲದಿದ್ದರೆ ಭಾವನ ಮೇಲೆ ಕಳ್ಳತನ ಮತ್ತು ಕೊಲೆ, ಎರಡೂ ಬೀಳುತ್ತವೆ.

ಈಗ ಏನೋ ಒಂದು ಇತ್ತು. ಮೇಜಿನ ಮೇಲೆ, ತಟ್ಟೆಯಷ್ಟು ಅಗಲದ ಮೂರು ಮರದ ಬಿಲ್ಲೆಗಳಲ್ಲಿ.

ನನ್ನ ಕೆಲಸ ಕಾಡಿನ ಬೆಳವಣಿಗೆ ಅಳೆಯುವುದು. ಮರಗಳಿಗೆ ಸಣ್ಣ ತೂತು ಕೊರೆದು, ಪೆನ್ಸಿಲಿನಷ್ಟು ದಪ್ಪದ ಕಡ್ಡಿ ತೆಗೆದು, ಉಂಗುರಗಳನ್ನು ಎಣಿಸಿ, ಈ ವರ್ಷ ಈ ಕಾಡು ಎಷ್ಟು ಬೆಳೆಯಿತು ಎಂದು ಒಂದು ಅಂಕಿ ಬರೆದುಕೊಡುತ್ತೇನೆ. ಎಷ್ಟು ಬೆಳೆಯಿತೋ ಅಷ್ಟೇ ಕಡಿಯಬೇಕು. ಕಾಡನ್ನು ಮೂವತ್ತು ಬ್ಲಾಕು ಮಾಡಿದ್ದಾರೆ. ಒಂದು ಬ್ಲಾಕಿಗೆ ಒಮ್ಮೆ ಗರಗಸ ಹೋದರೆ ಮತ್ತೆ ಮೂವತ್ತು ವರ್ಷ ಅತ್ತ ಯಾರೂ ತಲೆ ಹಾಕುವಂತಿಲ್ಲ. ಈ ವರ್ಷ ಏಳನೇ ಬ್ಲಾಕಿನ ಸರದಿ. ನನ್ನ ಅಂಕಿಯ ಪ್ರಕಾರ ಅಲ್ಲಿ ಆರುನೂರ ಇಪ್ಪತ್ತು ಮರ ತೆಗೆಯಬಹುದಿತ್ತು.

ಪೊಲೀಸರು ಎಣಿಸಿದಾಗ ಆರುನೂರ ಅರವತ್ತೊಂದು ಬೊಡ್ಡೆ ಸಿಕ್ಕವು. ಹೆಚ್ಚಾದ ನಲವತ್ತೊಂದರ ಬುಡದಲ್ಲೂ ಸುತ್ತಿಗೆಯ ಗುರುತಿತ್ತು. ನಾಲ್ಕನೇ ನಂಬರಿನ ಸುತ್ತಿಗೆ. ಭಾವನದು. ಉಳಿದವಕ್ಕೆ ಮೇಸ್ತ್ರಿ ತನ್ನದರಿಂದ ಒತ್ತಿದ್ದ.

ಗುರುತು ಹಾಕುವ ಕ್ರಮ ಹೀಗೆ. ಕಡಿಯಬೇಕಾದ ಮರದ ತೊಗಟೆಯನ್ನು ಅಂಗೈಯಷ್ಟು ಕೆತ್ತಿ ಸುತ್ತಿಗೆಯಿಂದ ನಂಬರು ಒತ್ತುತ್ತಾರೆ. ಎದೆಯೆತ್ತರದಲ್ಲಿ ಒಂದು, ಬುಡದಲ್ಲಿ ಇನ್ನೊಂದು. ಮೇಲಿನದು ಮರದ ಜೊತೆ ಸಾಮಿಲ್ಲಿಗೆ ಹೋಗುತ್ತದೆ. ಕೆಳಗಿನದು ಬೊಡ್ಡೆಯಲ್ಲಿ ಸಾಕ್ಷಿಯಾಗಿ ಉಳಿಯುತ್ತದೆ. ಗುರುತಿಲ್ಲದ ಬೊಡ್ಡೆ ಸಿಕ್ಕರೆ ಅದು ಕಳ್ಳತನ. ಆ ಬ್ಲಾಕಿನ ಗಾರ್ಡ್ ಉತ್ತರ ಕೊಡಬೇಕು.

ಪೊಲೀಸರ ಕಥೆ ಸರಳವಾಗಿತ್ತು. ಎಂಟು ತಿಂಗಳ ಹಿಂದೆ, ಮರಗಳು ಚಿಗುರುವ ಕಾಲಕ್ಕೆ ಗುರುತಿನ ಕೆಲಸ ನಡೆದಾಗ, ಭಾವ ಯಾರಿಗೂ ಹೇಳದೆ ಹೆಚ್ಚು ಮರಗಳಿಗೆ ಒತ್ತಿದ. ಮೂರು ತಿಂಗಳ ಹಿಂದೆ ಕಡಿತ ಮುಗಿಯಿತು. ಮೇಸ್ತ್ರಿ ಬೊಡ್ಡೆ ಎಣಿಸಲು ಹೋದ, ಸಿಕ್ಕಿಬಿದ್ದ ಭಾವ, ಹಾಗೆ ಒತ್ತಿಟ್ಟು ಕಡಿಯದೆ ಉಳಿದಿದ್ದ ಒಂದು ಮರವನ್ನು ಅವನ ಮೇಲೆ ಕೆಡವಿದ.

ಕಥೆಯಲ್ಲಿ ಒಂದು ತಪ್ಪಿತ್ತು. ಮರ ಸುಮ್ಮನಿರುವುದಿಲ್ಲ.

ಬದುಕಿರುವ ಮರವನ್ನು ಕೆತ್ತಿದರೆ ಮೊದಲು ಗಾಯದ ತುಂಬ ಅಂಟು ಸುರಿಯುತ್ತದೆ. ಆಮೇಲೆ ಗಾಯದ ಅಂಚಿನಿಂದ ಹೊಸ ಮರ ಉಬ್ಬಿ ಒಳಕ್ಕೆ ಬಾಗುತ್ತದೆ. ಅದಕ್ಕೆ ನಾವು ತುಟಿ ಎನ್ನುತ್ತೇವೆ. ಚಿಗುರಿನ ಕಾಲದಲ್ಲಿ ಕೆತ್ತಿ, ಐದು ತಿಂಗಳು ನಿಂತ ಮರಕ್ಕೆ ಕಿರುಬೆರಳಿನಷ್ಟು ದಪ್ಪದ ತುಟಿ ಕಟ್ಟಿರಬೇಕು. ಮೇಸ್ತ್ರಿ ತಾನೇ ಒತ್ತಿದ್ದ ಬೊಡ್ಡೆಗಳಲ್ಲಿ ಕಟ್ಟಿತ್ತು.

ಈ ಮೂರರಲ್ಲಿ ಅಂಚು ಬ್ಲೇಡಿನಿಂದ ಕೊಯ್ದಂತೆ ಚೂಪು. ಅಂಟಿನ ಒಂದು ಹನಿಯೂ ಇಲ್ಲ.

ಮರ ಬಿದ್ದ ಮೇಲೆ, ಸತ್ತ ಬೊಡ್ಡೆಗೆ ಯಾರೋ ಸುತ್ತಿಗೆ ಹೊಡೆದಿದ್ದರು.

ಆಗ ನಾಲ್ಕನೇ ಸುತ್ತಿಗೆ ಭಾವನ ಬಳಿ ಇರಲಿಲ್ಲ. ಗುರುತಿನ ಕೆಲಸ ಮುಗಿದ ದಿನವೇ ಎಲ್ಲ ಸುತ್ತಿಗೆಗಳೂ ಈ ಕಟ್ಟಡದ ಹಿಂದಿನ ಕೋಣೆಗೆ ಬಂದು ಬೀಗದೊಳಗೆ ಸೇರುತ್ತವೆ. ಬೀಗದ ಕೀಲಿಕೈ ಇರುವುದು ಒಬ್ಬರ ಬಳಿ.

ಒಂದು ಬಿಲ್ಲೆಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿದೆ. ಗಡಿಯಾರ ಹನ್ನೆರಡು ತೋರಿಸುತ್ತಿತ್ತು. ಇನ್‌ಸ್ಪೆಕ್ಟರ್ ಬರುವವರೆಗೆ ಕಾಯಬಹುದಿತ್ತು. ಬುದ್ಧಿ ಇದ್ದವರು ಕಾಯುತ್ತಿದ್ದರು. ಆದರೆ ಕೀಲಿಕೈಯ ಆ ಮನುಷ್ಯ ನನ್ನನ್ನು ಚಿಕ್ಕವಳಿದ್ದಾಗಿನಿಂದ ನೋಡಿದವರು. ಪೊಲೀಸರ ಮುಂದೆ ಅವರ ಹೆಸರು ಹೇಳುವ ಮೊದಲು ಅವರ ಮುಖ ನೋಡಬೇಕು ಅನ್ನಿಸಿತು.

ಸುತ್ತಿಗೆ ಕೋಣೆ ಕಾಯುವ ಅವರನ್ನು ಎಲ್ಲರೂ ಬೀಗದ ಮಾವ ಎಂದೇ ಕರೆಯುತ್ತಾರೆ. ತಮ್ಮ ಊಟದ ಡಬ್ಬಿಗೂ ಪುಟ್ಟ ಬೀಗ ಹಾಕುವವರು. ಒಳಗೆ ಏನಿದೆ ಮಾವ, ಚಿನ್ನವಾ ಎಂದು ಡ್ರೈವರುಗಳು ಕೆಣಕಿದರೆ, ನಿಮ್ಮಂಥವರು ಇರೋ ಕಡೆ ಅನ್ನವೂ ಚಿನ್ನವೇ ಎನ್ನುತ್ತಿದ್ದರು.

ಸುತ್ತಿಗೆ ಕೋಣೆಗೆ ಕಿಟಕಿ ಇಲ್ಲ. ಮೇಲೆ ಒಂದು ಕಬ್ಬಿಣದ ಜಾಲರಿ, ಅಷ್ಟೆ. ಗೋಡೆಯ ಮೇಲೆ ನಂಬರು ಬರೆದ ಹನ್ನೆರಡು ಮೊಳೆ, ಹನ್ನೊಂದು ಸುತ್ತಿಗೆ. ನಾಲ್ಕನೇ ಮೊಳೆ ಖಾಲಿ, ಅದನ್ನು ಪೊಲೀಸರು ಒಯ್ದಿದ್ದರು. ನಾನು ಬಡಿದಾಗ ಮಾವ ಒಂಬತ್ತನೆಯದನ್ನೂ ಎಣ್ಣೆ ಬಟ್ಟೆಯನ್ನೂ ಕೈಯಲ್ಲಿ ಹಿಡಿದೇ ಸ್ಟೂಲಿನಿಂದ ಎದ್ದು ಬಂದು ಬೀಗ ತೆಗೆದರು.

ನಾನು ಒಳಗೆ ಕಾಲಿಟ್ಟ ಕೂಡಲೇ ಅವರು ಬಾಗಿಲು ಹಾಕಿ ಮತ್ತೆ ಬೀಗ ತಿರುಗಿಸಿದರು.

ನನ್ನ ಮುಖ ಬಿಳುಚಿರಬೇಕು. ಸುತ್ತಿಗೆ ಮೊಳೆಯಿಂದ ಕೆಳಗಿದ್ದಾಗ ಬಾಗಿಲಿಗೆ ಬೀಗ ಇರಬೇಕು, ನಿಯಮ, ನಿನಗೆ ಗೊತ್ತಲ್ಲ ಎಂದರು. ಗೊತ್ತಿತ್ತು. ನೂರು ಸಲ ನೋಡಿದ್ದೆ. ಆದರೂ ಕೀಲಿಕೈ ಅವರ ಅಂಗಿಯ ಜೇಬಿಗೆ ಇಳಿಯುವುದನ್ನು ನನ್ನ ಕಣ್ಣು ಹಿಂಬಾಲಿಸಿತು.

ಅಕ್ಕ ಊಟ ಮಾಡುತ್ತಿದ್ದಾಳಾ ಎಂದು ಕೇಳಿದರು. ಸರಿಯಾಗಿ ಇಲ್ಲ ಎಂದೆ. ಭಾವ ಏನಾದರೂ ಹೇಳಿದನಾ ಎಂದರು. ಒಂಬತ್ತು ದಿನದಿಂದ ತುಟಿ ಪಿಟಕ್ಕೆಂದಿಲ್ಲ ಎಂದೆ. ಅವರು ತಲೆಯಾಡಿಸಿದರು.

ನಾಲ್ಕನೇ ಸುತ್ತಿಗೆ ಕೆಲಸ ಮುಗಿದ ಮೇಲೆ ಹೊರಗೆ ಹೋಗಿತ್ತಾ ಎಂದು ಕೇಳಿದೆ. ಅವರು ರಿಜಿಸ್ಟರನ್ನು ನನ್ನ ಕಡೆ ತಳ್ಳಿದರು. ಎಂಟು ತಿಂಗಳ ಹಿಂದೆ ಒಳಗೆ ಬಂದಿತ್ತು. ಅದರ ಮುಂದೆ ಆ ಸಾಲು ಖಾಲಿ.

ನಾನು ಪತ್ರಿಕೆ ಬಿಚ್ಚಿದೆ.

ಮಾವ ನಲವತ್ತು ವರ್ಷ ಕಾಡಿನಲ್ಲಿದ್ದವರು. ಮಸೂರ ಬೇಕಾಗಲಿಲ್ಲ. ಹೆಬ್ಬೆರಳನ್ನು ಗಾಯದ ಅಂಚಿನ ಮೇಲೆ ಒಮ್ಮೆ ಎಳೆದರು.

"ತುಟಿ ಇಲ್ಲ," ಎಂದರು.

"ಇಲ್ಲ. ಕಡಿದ ಮೇಲೆ ಹೊಡೆದದ್ದು. ಆಗ ಸುತ್ತಿಗೆ ನಿಮ್ಮ ಹತ್ರ ಇತ್ತು, ಮಾವ."

ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ. ಬಿಲ್ಲೆಯನ್ನು ಮಗುವಿನ ತಲೆಯಂತೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತರು. ಹೊರಗೆ ಸಾಮಿಲ್ಲಿನ ಗರಗಸ ಊಟದ ಹೊತ್ತಿಗೆ ನಿಂತಿತು. ಇಡೀ ಕಟ್ಟಡದಲ್ಲಿ ನಮ್ಮಿಬ್ಬರ ಉಸಿರು ಮಾತ್ರ ಇದ್ದಂತಾಯಿತು.

"ಗುರುತು ಯಾವ ಕಡೆಗಿತ್ತು? ಬೊಡ್ಡೆಯ ಮೇಲುಗಡೆಗಾ, ಕೆಳಗಡೆಗಾ?"

ಏಳನೇ ಬ್ಲಾಕು ಇಳಿಜಾರು. ನಾನು ಬಿಲ್ಲೆ ಕೊಯ್ಯಿಸಿದ ಮೂರರಲ್ಲೂ ಗುರುತು ಇಳಿಜಾರಿನ ಕೆಳಮುಖಕ್ಕಿತ್ತು ಎಂದೆ.

"ನಮ್ಮವರು ಯಾರೂ ಹಾಗೆ ಹಾಕಲ್ಲಮ್ಮ. ದಿಮ್ಮಿ ಎಳೀವಾಗ ಉಜ್ಜಿ ಅಳಿಸಿಹೋಗುತ್ತೆ ಅಂತ ಮೇಲುಗಡೆಗೇ ಹಾಕ್ತೀವಿ. ಹೊಸದಾಗಿ ಸೇರಿದವನಿಗೂ ಮೊದಲನೇ ದಿನವೇ ಹೇಳ್ತೀವಿ." ಹೆಬ್ಬೆರಳಿಂದ ಗುರುತನ್ನು ಮುಟ್ಟಿದರು. "ಕೆಳಮುಖಕ್ಕೆ ಹಾಕಬೇಕು ಅಂತ ಇರೋದು ಪುಸ್ತಕದಲ್ಲಿ ಮಾತ್ರ. ಕಾಡಿಗೆ ಕಾಲಿಡದೆ ಪುಸ್ತಕ ಬಾಯಿಪಾಠ ಮಾಡಿದೋರು ಯಾರೋ ಹೊಡೆದಿದ್ದಾರೆ."

ಬಿಲ್ಲೆಯನ್ನು ಅವರ ಕೈಯಿಂದ ಹಿಂದಕ್ಕೆ ತೆಗೆದುಕೊಂಡೆ.

ಎರಡು ವರ್ಷದ ಹಿಂದೆ, ಅಡುಗೆಮನೆಯ ಮೇಜಿನ ಮೇಲೆ, ಆ ಪುಸ್ತಕವನ್ನು ದಿನಾ ಒಂದು ಗಂಟೆ ಜೋರಾಗಿ ಓದಿ ಹೇಳಿದವಳು ನಾನೇ. ಅಕ್ಕನ ಗಾರ್ಡ್ ಪರೀಕ್ಷೆಗೆ. ಅವಳು ತರಕಾರಿ ಹೆಚ್ಚುತ್ತ ನನ್ನ ಹಿಂದೆಯೇ ಒಪ್ಪಿಸುತ್ತಿದ್ದಳು: ಬುಡದ ಗುರುತು ನೆಲದಿಂದ ಒಂದು ಗೇಣು ಮೇಲೆ, ಇಳಿಜಾರಿನ ಕೆಳಮುಖಕ್ಕೆ. ಬರವಣಿಗೆಯಲ್ಲಿ ಮೊದಲನೆಯವಳಾಗಿ ಬಂದಳು. ಓಟದಲ್ಲಿ ಬಿದ್ದು ಕೆಲಸ ತಪ್ಪಿತು. ಮನೆಗೆ ಬಂದು, ಓಡಬೇಕಾಗಿದ್ದರೆ ಕುದುರೆಯನ್ನೇ ಗಾರ್ಡ್ ಮಾಡ್ಕೊಳ್ಳಲಿ ಎಂದು ನಮ್ಮೆಲ್ಲರನ್ನೂ ನಗಿಸಿದ್ದಳು.

"ನಿನ್ನ ಮುಖ ನೋಡಿದ್ರೆ ನಿಂಗೂ ಗೊತ್ತಾಯ್ತು," ಎಂದರು ಮಾವ.



ಅವರೇ ಹೇಳಿದರು. ಎರಡು ತಿಂಗಳ ಹಿಂದೆ ಅಕ್ಕ ಬಂದಿದ್ದಳಂತೆ. ಭಾವನ ನೌಕರಿಗೆ ಹದಿನೈದು ವರ್ಷ ತುಂಬುತ್ತದೆ, ಅವರ ಸುತ್ತಿಗೆಗೆ ಹೊಸ ಹಿಡಿ ಹಾಕಿಸಿ ಕೊಡಬೇಕು, ಅವರಿಗೆ ಗೊತ್ತಾಗಬಾರದು ಎಂದಳಂತೆ. ಎರಡು ದಿನ ಇಟ್ಟುಕೊಂಡು ವಾಪಸು ತಂದಳು. ಹಿಡಿ ಹಳೆಯದೇ ಇತ್ತು. ಬಡಗಿ ಸಿಗಲಿಲ್ಲ ಅಂದಳು. ರಿಜಿಸ್ಟರಿನಲ್ಲಿ ಬರೆದಿರಲಿಲ್ಲ. ನಿವೃತ್ತಿಗೆ ನಾಲ್ಕು ತಿಂಗಳಿರುವಾಗ ಈಗ ಬರೆಯುವುದು ಹೇಗೆ ಎಂದರು.

ಭಾವ ಯಾಕೆ ಬಾಯಿ ಬಿಡುತ್ತಿಲ್ಲ ಎಂದು ಆಗ ನನಗೆ ತಿಳಿಯಿತು. ಲಾಕಪ್ಪಿನ ಬೆಂಚಿನ ಮೇಲೆ ಕೂತು ಅವರು ಕಾಪಾಡುತ್ತಿದ್ದುದು ತಮ್ಮನ್ನಲ್ಲ, ಅಕ್ಕನನ್ನು.

ಕೈಯಲ್ಲಿದ್ದ ಬಿಲ್ಲೆ ಭಾರವಾಯಿತು. ಇದನ್ನು ಕೊಟ್ಟರೆ ಭಾವ ಹೊರಗೆ, ಅಕ್ಕ ಒಳಗೆ. ಕೊಡದಿದ್ದರೆ ಭಾವ ಒಳಗೇ. ನನ್ನದು ಎಂದು ಈ ಲೋಕದಲ್ಲಿ ಇರುವುದು ಆ ಇಬ್ಬರೇ, ಆ ಮನೆಯ ಹಿಂದಿನ ಕೋಣೆಯಲ್ಲಿ ನನ್ನದೊಂದು ಮಂಚ.

ಮಾವ ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ದನಿ ತಗ್ಗಿಸಿದರು.

"ಇಬ್ಬರೂ ಉಳಿಯೋ ದಾರಿ ಒಂದಿದೆ. ನಿನ್ನ ಕೈಯಲ್ಲೇ ಇದೆ. ಈ ವರ್ಷ ಕಾಡು ಸ್ವಲ್ಪ ಜಾಸ್ತಿ ಬೆಳೀತು ಅಂತ ಬರೆದುಬಿಡು."

ನಾನು ಅವರನ್ನು ನೋಡಿದೆ.

"ಕಡ್ಡಿ ಎಣಿಸೋವಾಗ ತಪ್ಪಾಗಿತ್ತು ಅನ್ನು. ಆರುನೂರ ಅರವತ್ತೊಂದು ಅಂತ ತಿದ್ದು. ಮರವೇ ಜಾಸ್ತಿ ಹೋಗಿಲ್ಲ ಅಂದ್ರೆ ಕಳ್ಳತನ ಎಲ್ಲಿ ಬಂತು? ಕಳ್ಳತನ ಇಲ್ಲ ಅಂದ್ರೆ ಮೇಸ್ತ್ರಿನ ಕೊಲ್ಲೋಕೆ ಕಾರಣ ಎಲ್ಲಿ ಬಂತು? ಮರ ಬಿತ್ತು, ಅವನ ಗ್ರಹಚಾರ, ಅಷ್ಟೇ."

ಒಂದು ಕ್ಷಣ, ಸುಳ್ಳು ಯಾಕೆ ಹೇಳಲಿ, ಆಸೆಯಾಯಿತು. ಒಂದು ಅಂಕಿ. ಪೆನ್ಸಿಲಿನಲ್ಲಿ ಬರೆದದ್ದು.

ಆದರೆ ಅದು ಒಂದು ವರ್ಷದ ಅಂಕಿಯಲ್ಲ ಎಂದೆ. ಅದರ ಮೇಲೆ ಮುಂದಿನ ಹತ್ತು ವರ್ಷದ ಕಡಿತ ನಿಲ್ಲುತ್ತದೆ. ಏಳನೇ ಬ್ಲಾಕು ಹೀಗೆ ಬೆಳೆಯುತ್ತದೆ ಎಂದು ನಂಬಿ ಎಂಟು, ಒಂಬತ್ತು, ಹತ್ತಕ್ಕೂ ಅದೇ ಅಳತೆ ಹಾಕುತ್ತಾರೆ. ವರ್ಷ ವರ್ಷ ಕಾಡು ಕೊಡದದ್ದನ್ನು ಕಾಡಿನಿಂದ ಕಿತ್ತುಕೊಳ್ಳುತ್ತೇವೆ. ಮೂವತ್ತು ವರ್ಷ ಕಳೆದು ಮತ್ತೆ ಏಳನೇ ಬ್ಲಾಕಿನ ಸರದಿ ಬಂದಾಗ ಅಲ್ಲಿ ಗುರುತು ಹಾಕಲು ಮರವೇ ಇರುವುದಿಲ್ಲ. ಸಾಮಿಲ್ಲೂ ಇರುವುದಿಲ್ಲ, ಈ ಕಚೇರಿಯೂ ಇರುವುದಿಲ್ಲ.

"ಆಗ ನೀನೂ ಇರಲ್ಲ, ನಾನೂ ಇರಲ್ಲ," ಎಂದರು ಮಾವ. ನಗಲಿಲ್ಲ. "ಮೇಸ್ತ್ರಿನೂ ಹೀಗೇ ಪಾಠ ಒಪ್ಪಿಸ್ತಿದ್ದ."

ನಾನು ಕೇಳಬೇಕೆಂದಿದ್ದೆ: ಯಾವಾಗ, ಯಾರಿಗೆ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಮಾವ ಅಲುಗಾಡಲಿಲ್ಲ. ಮತ್ತೆ ಬಡಿದರು. ಗುಬ್ಬಿ, ಒಳಗಿದ್ದೀಯಾ ಎಂದು ದನಿ ಬಂತು. ನನ್ನನ್ನು ಗುಬ್ಬಿ ಎನ್ನುವವಳು ಒಬ್ಬಳೇ.

ಮಾವ ಬೀಗ ತೆಗೆದರು. ಅಕ್ಕ ಒಳಗೆ ಬಂದಳು. ಅವರು ಮತ್ತೆ ಬೀಗ ಹಾಕಿದರು. ನಿಯಮ.

ಅಕ್ಕನ ಕೈಯಲ್ಲಿ ಭಾವನ ಒಗೆದ ಬಟ್ಟೆಯ ಚೀಲವಿತ್ತು. ತಲೆ ಬಾಚಿರಲಿಲ್ಲ. ಠಾಣೆಯಿಂದ ನಡೆದೇ ಬಂದಿದ್ದಳು. ಸಂಜೆಯೊಳಗೆ ಸಹಿ ಹಾಕುತ್ತೇನೆ, ಎರಡೂ ನನ್ನದೇ ಎಂದು ಭಾವ ಇನ್‌ಸ್ಪೆಕ್ಟರಿಗೆ ಹೇಳಿದ್ದಾರಂತೆ. ಕೊಲೆಯೂ. 

ಆಮೇಲೆ ಅವಳ ಕಣ್ಣು ಬಿಲ್ಲೆಯ ಮೇಲೆ ಬಿತ್ತು. ಅದು ಏನೆಂದು ಕೇಳಲಿಲ್ಲ. ನೆಲದ ಮೇಲೆ ಕೂತು ಎಲ್ಲ ಹೇಳಿದಳು.

ಕಡಿತದ ಕಾಲದಲ್ಲಿ ಅವಳಿಗೆ ಆಪರೇಷನ್ ಆಗಿತ್ತು. ಒಂಬತ್ತು ದಿನ ಭಾವ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದ್ದರು. ಬ್ಲಾಕನ್ನು ಇನ್ನೊಬ್ಬ ಗಾರ್ಡಿಗೆ ಒಪ್ಪಿಸಿ ಹೋಗಬೇಕಿತ್ತು. ಅವಸರದಲ್ಲಿ ಒಪ್ಪಿಸಿರಲಿಲ್ಲ. ವಾಪಸು ಹೋದಾಗ ಇಳಿಜಾರಿನ ಮೂಲೆಯಲ್ಲಿ ಗುರುತಿಲ್ಲದ ಬೊಡ್ಡೆಗಳಿದ್ದವು. ಯಾರು ಕಡಿದರೋ ಗೊತ್ತಿಲ್ಲ. ಭಾವ ವರದಿ ಬರೆಯಲು ಕೂರುವುದು, ಹರಿದು ಹಾಕುವುದು, ಹೀಗೆ ಒಂದು ತಿಂಗಳು. ನನ್ನಿಂದ ಅವರ ಕೆಲಸ ಹೋಗುತ್ತದಲ್ಲ ಎಂದು ಅವಳು ತಾನೇ ಸುತ್ತಿಗೆ ಹಿಡಿದು ಹೋದಳು. ಗುರುತಿದ್ದರೆ ಲೆಕ್ಕಕ್ಕೆ ಸೇರುತ್ತದೆ ಎಂದುಕೊಂಡಳು. ಒಟ್ಟು ಎಣಿಕೆ ಮೀರುತ್ತದೆ ಎಂದು ಹೊಳೆಯಲೇ ಇಲ್ಲ. ಭಾವನಿಗೆ ಗೊತ್ತಾದದ್ದು ಆಮೇಲೆ.

"ಹೊಲಿಗೆ ಇನ್ನೂ ಎಳೀತಿತ್ತು ಕಣೇ. ಒಂದೊಂದು ಬೊಡ್ಡೆಗೂ ಕೂತು ಕೂತು ಹೊಡೆದೆ. ನಲವತ್ತೂ."

"ನಲವತ್ತೊಂದು," ಎಂದೆ.

"ನಲವತ್ತು. ಮುಗಿದಾಗ ಮೊದಲಿಂದ ಇನ್ನೊಂದು ಸಲ ಎಣಿಸಿದೆ. ಸುತ್ತಿಗೆ ತಂದು ಇವರ ಕೈಗೆ ಕೊಟ್ಟೆ. ಅದಾದ ಮೇಲೆ ಆ ಬ್ಲಾಕಿನ ಕಡೆ ತಲೆ ಹಾಕಿಲ್ಲ."



ಮೇಸ್ತ್ರಿಯ ಮೇಲೆ ಬಿದ್ದ ಮರ ಆಗಿನ್ನೂ ನಿಂತೇ ಇತ್ತು. ಅದು ಬಿದ್ದದ್ದು ಹನ್ನೊಂದು ದಿನದ ಹಿಂದೆ. ಅದರ ಬುಡದಲ್ಲೂ ನಾಲ್ಕು ಒತ್ತಿತ್ತು. ಮೊಳೆಯಿಂದ ಆ ಸುತ್ತಿಗೆಯನ್ನು ಯಾರೋ ಎರಡನೇ ಸಲ ಇಳಿಸಿದ್ದರು.

ನನ್ನ ಬೆನ್ನ ಹಿಂದೆ ಎಣ್ಣೆ ಬಟ್ಟೆ ಕಬ್ಬಿಣಕ್ಕೆ ಉಜ್ಜುವ ಸದ್ದು ಯಾವಾಗಲೋ ಶುರುವಾಗಿತ್ತು. ಈಗ ಅದು ನಿಂತಿತು.

ತಿರುಗಿ ನೋಡಬಾರದು ಎಂದುಕೊಂಡೆ. ಅಕ್ಕನ ಮಣಿಕಟ್ಟು ಹಿಡಿದು ಎಬ್ಬಿಸಿದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸಿತು.

"ಎಣಿಸೋವಾಗ ಒಂದು ತಪ್ಪಿರುತ್ತೆ ಬಿಡು. ಹುಷಾರಿಲ್ಲದವಳು. ನಡಿ, ಮನೆಗೆ ಹೋಗೋಣ."

"ತಪ್ಪಿಲ್ಲ ಕಣೇ, ಗುಬ್ಬಿ," ಎಂದಳು ಅಕ್ಕ. ನಾನು ಅವಳ ಕೈ ಚಿವುಟಿದೆ. ಅವಳಿಗೆ ಅರ್ಥವಾಗಲಿಲ್ಲ. ನನ್ನ ಭುಜದ ಮೇಲಿಂದ ಮಾವನನ್ನು ನೋಡಿ, ನೀವಾದರೂ ಹೇಳಿ ಮಾವ ಎಂಬಂತೆ ಕಣ್ಣರಳಿಸಿದಳು.

"ಹೌದಮ್ಮ," ಎಂದರು ಮಾವ, ಬಹಳ ಮೃದುವಾಗಿ. "ನಿನ್ನ ಅಕ್ಕ ಸರಿಯಾಗೇ ಎಣಿಸಿದ್ದಾಳೆ. ಅವಳು ಹೊಡೆದದ್ದು ನಲವತ್ತೇ."